ಒಗ್ಗರಣೆಗೆ ಮೊದಲೇ ನಾಯಿಯ ಪಾಲು

ಮೈಸೂರು, ಮಂಡ್ಯದ ಮನೆಗಳಲ್ಲಿ ನಾಯಿಗೆ ಊಟ ಅಂದರೆ ಮಿಕ್ಕಿದ ಸಾರನ್ನ. ಚಾಕೊಲೇಟ್ ಕೊಡಬಾರದು ಅಂತ ಈಗ ಮಕ್ಕಳಿಗೂ ಗೊತ್ತು. ಆದರೆ ನಮ್ಮ ನಾಯಿಗಳ ತಟ್ಟೆಗೆ ದಿನಾ ಬೀಳುವುದು ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹುಳಿ, ಉಪ್ಪು. ಅದಕ್ಕೇ ನಾನು ಅಡುಗೆಯ ಕ್ರಮವನ್ನೇ ಬದಲಾಯಿಸಿಕೊಂಡಿದ್ದೇನೆ: ಉಪ್ಪು, ಹುಳಿ, ಒಗ್ಗರಣೆ ಬೀಳುವ ಮುಂಚೆಯೇ ನಾಯಿಯ ಪಾಲು ಬೇರೆ ಪಾತ್ರೆಗೆ ಹೋಗುತ್ತದೆ.

ಕುಕ್ಕರ್‌ನಲ್ಲಿ ಅನ್ನ ಇಡುವಾಗಲೇ ಮೇಲಿನ ಡಬ್ಬಿಯಲ್ಲಿ ಮೂಳೆ ತೆಗೆದ ಕೋಳಿ ಮಾಂಸ 200 ಗ್ರಾಂ, ನಾಲ್ಕು ಹೋಳು ಸಿಹಿಕುಂಬಳ, ಬರೀ ನೀರು. ಮೂರು ವಿಷಲ್ ಸಾಕು. ಇದನ್ನು ಅನ್ನಕ್ಕೋ ಬಿಸಿ ಆರಿದ ರಾಗಿ ಮುದ್ದೆಗೋ ಕಲಸುತ್ತೇನೆ. ಬಸ್ಸಾರಿನ ದಿನ ಬೇಳೆ, ಸೊಪ್ಪನ್ನು ಉಪ್ಪಿಲ್ಲದೆ ಬೇಯಿಸಿ, ಖಾರ ರುಬ್ಬಿ ಹಾಕುವ ಮೊದಲು ಎರಡು ಸೌಟು ತೆಗೆದಿಡುತ್ತೇನೆ. ಕೊನೆಯಲ್ಲಿ ಬೇರೆ ಮಾಡಲು ಹೋದರೆ ಆಗುವುದಿಲ್ಲ. ಸಾರಿನಿಂದ ಈರುಳ್ಳಿ ಚೂರುಗಳನ್ನು ಆರಿಸಿ ಎಸೆದರೂ ಅದರ ರಸ ಸಾರಿನಲ್ಲೇ ಉಳಿದಿರುತ್ತದೆ.

ಈರುಳ್ಳಿಯ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುವುದು ಎರಡು ಕಡೆ. ಒಂದು, ಬೇಯಿಸಿದರೆ ದೋಷ ಹೋಗುತ್ತದೆ ಎಂಬ ನಂಬಿಕೆ. ಹೋಗುವುದಿಲ್ಲ. ಹುರಿದರೂ ಒಣಗಿಸಿದರೂ ಅದರ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪುಡಿ ಮಾಡಿದ್ದು ಇನ್ನೂ ಗಟ್ಟಿ ಪ್ರಮಾಣ, ಆದ್ದರಿಂದ ಸೂಪ್ ಪೊಟ್ಟಣ, ಮಸಾಲೆ ಚಿಪ್ಸ್ ಕೂಡ ಬೇಡ. ಎರಡು, ತಿಂದ ದಿನ ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನ. ಸುಸ್ತು, ಏದುಸಿರು, ಕಾಫಿ ಬಣ್ಣದ ಮೂತ್ರ ಕಾಣುವುದು ಸಾಮಾನ್ಯವಾಗಿ ಮೂರರಿಂದ ಐದು ದಿನ ಕಳೆದ ಮೇಲೆ. ಅಷ್ಟರಲ್ಲಿ ಭಾನುವಾರದ ಬಿರಿಯಾನಿಯನ್ನು ಮನೆಯವರು ಮರೆತಿರುತ್ತಾರೆ. ದೇಹತೂಕದ ಶೇಕಡಾ ಅರ್ಧದಷ್ಟು ಈರುಳ್ಳಿ ಒಟ್ಟಿಗೆ ಹೋದರೆ ಅಪಾಯ. 15 ಕೆಜಿ ನಾಯಿಗೆ ಅದು 75 ಗ್ರಾಂ, ಒಂದು ಮಧ್ಯಮ ಗೆಡ್ಡೆಗಿಂತ ಕಡಿಮೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಕೂಡಿಕೊಳ್ಳುತ್ತದೆ. ಬೆಳ್ಳುಳ್ಳಿ ಇದಕ್ಕಿಂತ ತೀಕ್ಷ್ಣ. ಹುಳ ಹೋಗಲಿ ಅಂತ ಬೆಳ್ಳುಳ್ಳಿ ಜಜ್ಜಿ ಕೊಡುವ ರೂಢಿಯನ್ನು ದಯವಿಟ್ಟು ಬಿಡಿ.

ವಾರಕ್ಕೊಮ್ಮೆ ತುಟಿ ಎತ್ತಿ ಒಸಡು ನೋಡುತ್ತೇನೆ. ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿಕೊಂಡಿದ್ದರೆ, ಹಳದಿ ಇದ್ದರೆ ಅಂದೇ ವೈದ್ಯರ ಬಳಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅವುಗಳಿಗೆ ಕೆಳ ರೆಪ್ಪೆಯ ಒಳಭಾಗ ನೋಡಬೇಕು.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂದು ಬಹಳ ಕಾಲದಿಂದ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ನಮಗೆ ಇದು ಮುಖ್ಯ, ಏಕೆಂದರೆ ಹುಣಸೆಯ ಹುಳಿಯೂ ಬಹುಪಾಲು ಅದೇ ಆಮ್ಲ. ಪುಳಿಯೋಗರೆ ಗೊಜ್ಜು, ಹುಣಸೆ ತೊಕ್ಕು, ನೆನೆಸಿ ಕಿವುಚಿದ ಹುಣಸೆಹಣ್ಣಿನ ಸಿಪ್ಪೆ ಇವನ್ನು ನಾನು ದ್ರಾಕ್ಷಿಯಷ್ಟೇ ಕಟ್ಟುನಿಟ್ಟಾಗಿ ದೂರ ಇಡುತ್ತೇನೆ. ತಿಳಿಸಾರಿನಲ್ಲಿ ಹುಳಿ ತೆಳು, ಆದರೂ ಬೆರೆಸುವುದಿಲ್ಲ. ದ್ರಾಕ್ಷಿಗೆ ಇಂತಿಷ್ಟು ತಿಂದರೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ. ಕೇಸರಿಬಾತು, ಪಾಯಸದಿಂದ ಆರಿಸಿದ ದ್ರಾಕ್ಷಿಯನ್ನು ಮಕ್ಕಳು ಮೇಜಿನ ಕೆಳಗೆ ಬಿಡದಂತೆ ನೋಡಿಕೊಳ್ಳಬೇಕು.

ಯುಗಾದಿ ಮಾರನೆಯ ದಿನದ ಹೊಸತೊಡಕು ನನಗೆ ವರ್ಷದ ಅತಿ ಭಯದ ದಿನ. ಬನ್ನೂರು ಕುರಿಯ ಮೂಳೆ ಆಗಲಿ, ಕುಕ್ಕರ್‌ನಲ್ಲಿ ಬೆಂದ ಕೋಳಿ ಮೂಳೆ ಆಗಲಿ, ಬೆಂದ ಮೇಲೆ ಚೂಪಾಗಿ ಸಿಗಿಯುತ್ತದೆ. ಗಂಟಲಿಗೆ ಚುಚ್ಚಬಹುದು, ಕರುಳು ತೂತು ಮಾಡಬಹುದು. ಆ ದಿನ ಊಟದ ಮನೆಯಲ್ಲೇ ಮುಚ್ಚಳದ ಬಕೆಟ್ ಇಟ್ಟು, ಎಲೆ ಎತ್ತುವಾಗಲೇ ಮೂಳೆ ಅದಕ್ಕೆ. ಬಂದ ನೆಂಟರಿಗೆ ‘ಪಾಪ, ನೋಡ್ಕೊಂಡು ಕೂತಿದೆ’ ಅನ್ನಿಸುವುದು ಸಹಜ. ಬೈದು ಪ್ರಯೋಜನವಿಲ್ಲ. ಬೇಯಿಸಿದ ಕ್ಯಾರೆಟ್, ಸೌತೆಕಾಯಿ ಹೋಳುಗಳ ಡಬ್ಬಿಯನ್ನು ಅವರ ಕೈಗೇ ಕೊಟ್ಟುಬಿಡುತ್ತೇನೆ. ಛತ್ರದಲ್ಲಿ ಮಿಕ್ಕಿದ್ದನ್ನು ಬೀದಿ ನಾಯಿಗಳಿಗೆ ಹಾಕುವವರೂ ಬರೀ ಅನ್ನಕ್ಕೆ ಸ್ವಲ್ಪ ಮೊಸರು ಕಲಸಿ ಹಾಕಿದರೆ ಸಾಕು, ಬಿರಿಯಾನಿ ಬೇಡ.

ಮೈಸೂರು ಪಾಕ್‌ನಂಥ ತುಪ್ಪದ ತಿಂಡಿ ವಿಷವಲ್ಲ, ಆದರೆ ಒಮ್ಮೆಲೇ ಹೆಚ್ಚು ಜಿಡ್ಡು ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ನಾಯಿ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಂತು ವಾಂತಿ ಮಾಡಿದರೆ ಆ ಹೊಟ್ಟೆನೋವು ಇರಬಹುದು. ಮಾವಿನ ವಾಟೆ, ಮುಸುಕಿನ ಜೋಳದ ದಿಂಡು ಕರುಳಿಗೆ ಅಡ್ಡ ಕೂರುತ್ತವೆ. ಬೂಷ್ಟು ಹಿಡಿದ ಬ್ರೆಡ್ಡು ನಡುಕ ತರಬಹುದು, ದನಕ್ಕೆ ತಂದಿಟ್ಟ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಯಕೃತ್ತು ಕೆಡಿಸಬಹುದು. ಫಿಲ್ಟರ್‌ನಿಂದ ತೆಗೆದ ಕಾಫಿ ಚರಟದಲ್ಲೂ ಕೆಫೀನ್ ಉಳಿದಿರುತ್ತದೆ. ಹಿತ್ತಲ ಗೊಬ್ಬರದ ಗುಂಡಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿ.

ಚಾಕೊಲೇಟ್‌ಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು. 10 ಕೆಜಿ ನಾಯಿಗೆ ಹಾಲಿನ ಚಾಕೊಲೇಟ್ ಸುಮಾರು 100 ಗ್ರಾಂ, ಕಪ್ಪು ಚಾಕೊಲೇಟ್ 40 ಗ್ರಾಂ, ಕೋಕೋ ಪುಡಿ 10 ಗ್ರಾಂ ಆದರೆ ತೊಂದರೆ ಶುರು. ಸಕ್ಕರೆಯ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದಕ್ಕಿಂತ ವೇಗ. ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಇರುತ್ತದೆ. ಚೀಟಿಯಲ್ಲಿ ಬರೀ 967 ಎಂಬ ಸಂಖ್ಯೆ ಇದ್ದರೂ ಅದೇ. 10 ಕೆಜಿ ನಾಯಿಗೆ ಒಂದು ಗ್ರಾಂ ಹೋದರೂ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು.

ತಿಂದದ್ದು ಗೊತ್ತಾದ ಕೂಡಲೇ ವೈದ್ಯರಿಗೆ ಫೋನು. ಏನು, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು, ಇವು ನಾಲ್ಕೂ ಕೈಯಲ್ಲಿರಲಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಅದರ ತೂಕ ಸಿಗುತ್ತದೆ. ತಿಂದ ಪೊಟ್ಟಣವನ್ನೂ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಅದೇ ಕೊಲ್ಲಬಹುದು. ಹಾಲು, ಎಣ್ಣೆ, ತುಪ್ಪವೂ ಬೇಡ. ವಾಂತಿ ಮಾಡಿಸುವುದಿದ್ದರೆ ಎರಡು ಗಂಟೆಯೊಳಗೆ ಆಸ್ಪತ್ರೆಯಲ್ಲಿ ಆಗಬೇಕು. ಕ್ಸೈಲಿಟಾಲ್ ತಿಂದು ತೂಕಡಿಸುತ್ತಿದ್ದರೆ ದಾರಿಯಲ್ಲೇ ಒಸಡಿಗೆ ಜೇನುತುಪ್ಪ ಸವರುತ್ತಾ ಹೋಗಿ, ಗಂಟಲಿಗೆ ಸುರಿಯಬೇಡಿ.

ದ್ರಾಕ್ಷಿ, ಹುಣಸೆ ತಿಂದಿದ್ದರೆ ವಾಂತಿ ನಿಂತು ನಾಯಿ ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಬಿಡಬೇಡಿ. ಮೂತ್ರಪಿಂಡದ ತೊಂದರೆ ಒಂದರಿಂದ ಮೂರು ದಿನದಲ್ಲಿ ಹೊರಬೀಳುತ್ತದೆ. ಮೊದಲ ದಿನ ಮಾಡಿಸಿದ ಕ್ರಿಯಾಟಿನಿನ್ ಪರೀಕ್ಷೆಯನ್ನು (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಮೂರನೆಯ ದಿನ ಮತ್ತೆ ಮಾಡಿಸಿ, ಅಲ್ಲಿಯವರೆಗೆ ನಾಯಿ ಎಷ್ಟು ಸಲ ಮೂತ್ರ ಮಾಡಿತು ಅಂತ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಾ ಬನ್ನಿ.