ಇಂಗ್ಲಿಷಿನ ಚರಿತ್ರೆ ಓದುವವರು ವಿಭಕ್ತಿಯಿಂದ ಶುರುಮಾಡಿ

ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯದ ಚರಿತ್ರೆಯನ್ನು ಪಾಠ ಮಾಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಬರುವ ಮಕ್ಕಳ ಕೈಯಲ್ಲಿ ಒಂದು ಗೈಡ್ ಇರುತ್ತದೆ, ಅದರ ತುಂಬ ಯುಗಗಳ ಪಟ್ಟಿ. ಪಟ್ಟಿ ಬಾಯಿಪಾಠ ಮಾಡಿದವರು ಪಾಸಾಗುತ್ತಾರೆ. ಆದರೆ ಒಂದು ಭಾಷೆ ಮೈ ಬದಲಿಸಿದ ಕಥೆಯ ರುಚಿ ಅವರಿಗೆ ಹತ್ತುವುದೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಪತ್ರಿಕೆ ಕಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಇಂಗ್ಲಿಷಿನ ಬೀಗ ತೆಗೆಯುವ ಕೀಲಿಕೈ ಅವರ ಕಿಸೆಯಲ್ಲೇ ಇದೆ: ವಿಭಕ್ತಿ ಪ್ರತ್ಯಯ.

ಆದ್ದರಿಂದ ಮೊದಲ ದಿನ ಗೈಡ್ ಮುಚ್ಚಿಟ್ಟು ಹಾಳೆಯ ಮೇಲೆ ಬರೆಯಿರಿ: 'ರಾಜನು ಘಟಸರ್ಪವನ್ನು ಕೊಂದನು.' ಕೆಳಗೆ, 'ಘಟಸರ್ಪವನ್ನು ಕೊಂದನು ರಾಜನು.' ಪದಗಳನ್ನು ಹೇಗೆ ಜೋಡಿಸಿದರೂ ಸತ್ತದ್ದು ಘಟಸರ್ಪವೇ. ಈಗ ಸುಮಾರು ಸಾವಿರದ ನೂರು ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಇದೇ ವಾಕ್ಯ: 'ಸೆ ಕ್ಯುನಿಂಗ್ ಸ್ಲೋಹ್ ಥೊನೆ ದ್ರಕನ್.' ಇದನ್ನು 'ಥೊನೆ ದ್ರಕನ್ ಸ್ಲೋಹ್ ಸೆ ಕ್ಯುನಿಂಗ್' ಎಂದು ತಿರುವಿದರೂ ಅರ್ಥ ಕೆಡುವುದಿಲ್ಲ. 'ಸೆ' ಎಂದರೆ ಪ್ರಥಮಾ, 'ಥೊನೆ' ಎಂದರೆ ದ್ವಿತೀಯಾ. ದ್ವಿತೀಯೆಯಲ್ಲಿ 'ದ್ರಕ' ಎಂಬ ನಾಮಪದವೂ 'ದ್ರಕನ್' ಆಗಿದೆ. ಇಂದಿನ ಇಂಗ್ಲಿಷಿನಲ್ಲಿ ಹೀಗೆ ತಿರುವಿದರೆ ಘಟಸರ್ಪವೇ ರಾಜನನ್ನು ಕೊಂದುಬಿಡುತ್ತದೆ. ಈ ಎರಡು ಸ್ಥಿತಿಗಳ ನಡುವೆ ಏನಾಯಿತು ಎಂದು ಕೇಳಿಕೊಂಡರೆ ಭಾಷಾ ಚರಿತ್ರೆಯ ಅರ್ಧ ಪಠ್ಯ ಓದಿದಂತೆಯೇ.

1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ಪ್ರತ್ಯಯಗಳು ಹೋದವು ಎಂದು ಗೈಡ್ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಅದನ್ನು ಹಾಗೇ ಬರೆಯಬೇಡಿ. ಪದದ ಮೊದಲ ಭಾಗಕ್ಕೆ ಒತ್ತು ಕೊಡುವ ಭಾಷೆಯಲ್ಲಿ ಕೊನೆಯ ಸ್ವರಗಳು ತಾವಾಗಿಯೇ ಸವೆಯುತ್ತಿದ್ದವು. ಜೊತೆಗೆ ಒಂಬತ್ತನೆಯ ಶತಮಾನದಲ್ಲಿ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ಸ್ಕ್ಯಾಂಡಿನೇವಿಯಾದವರು ನೆಲೆಸಿದರು. ಇಬ್ಬರ ಮಾತಿನಲ್ಲೂ ಧಾತುಗಳು ಹತ್ತಿರ, ಪ್ರತ್ಯಯಗಳು ಮಾತ್ರ ಬೇರೆ. ಸಂತೆಯಲ್ಲಿ ವ್ಯವಹರಿಸುವಾಗ ಯಾವುದು ಉಳಿಯುತ್ತದೆ, ಯಾವುದು ಉದುರುತ್ತದೆ ಎಂದು ಯೋಚಿಸಿ. 'ದೇ', 'ದೆಮ್' ಎಂಬ ಸರ್ವನಾಮಗಳೇ ಆ ಜನರಿಂದ ಬಂದವು. ಒಂದು ಭಾಷೆ ಸರ್ವನಾಮವನ್ನೇ ಕಡ ತರಬೇಕಾದರೆ ಎರಡು ಜನಾಂಗಗಳು ಎಷ್ಟು ಒತ್ತಾಗಿ ಬದುಕಿರಬೇಕು! ಫ್ರೆಂಚ್ ತಂದದ್ದು ಮುಖ್ಯವಾಗಿ ಶಬ್ದಸಂಪತ್ತನ್ನು: ನ್ಯಾಯಾಲಯ, ಆಡಳಿತ, ಅಡುಗೆಮನೆಯ ಮಾತುಗಳನ್ನು.

ಎರಡನೆಯ ಹೆಜ್ಜೆ, ಗಟ್ಟಿಯಾಗಿ ಓದುವುದು. 1400ರಲ್ಲಿ ತೀರಿಕೊಂಡ ಚಾಸರನ ಕ್ಯಾಂಟರ್ಬರಿ ಕಥೆಗಳ ಪ್ರಸ್ತಾವನೆಯ ಮೊದಲ ಹದಿನೆಂಟು ಸಾಲು ಸಾಕು. ಮಾರ್ಚಿನ ಒಣಗನ್ನು ಬೇರಿನವರೆಗೂ ಸೀಳಿ ಇಳಿಯುವ ಏಪ್ರಿಲ್ ಮಳೆಯಿಂದ ಅದು ಶುರುವಾಗುತ್ತದೆ. ಹೂಮಳೆಗಾಗಿ ಆಕಾಶ ನೋಡುವ ಕಾಫಿ ತೋಟದ ಮನೆಗಳ ಮಕ್ಕಳಿಗೆ ಆ ಸಾಲನ್ನು ನಾನು ವಿವರಿಸಬೇಕಾಗಿಲ್ಲ. ಓದುವಾಗ ಕಾಗುಣಿತವನ್ನು ಕನ್ನಡದಂತೆ ನಂಬಿ, ಬರೆದದ್ದನ್ನೆಲ್ಲ ಉಚ್ಚರಿಸಿ. ಇಂದಿನ 'ನೇಮ್' ಅವನ ಬಾಯಲ್ಲಿ ಹೆಚ್ಚುಕಡಿಮೆ 'ನಾಮ', 'ಟೈಮ್' ಎಂಬುದು 'ಟೀಮ', 'ಹೌಸ್' ಎಂಬುದು 'ಹೂಸ್'. 'ನೈಟ್' ಎಂಬ ಯೋಧನ ಹೆಸರಿನ ಮೊದಲಿನ 'ಕ' ಕೂಡ ಕೇಳುತ್ತಿತ್ತು, ನಡುವಿನ 'ಹ' ಕೂಡ. ಸುಮಾರು 1400ರಿಂದ 1700ರ ನಡುವೆ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದವು. ಅದು ನಡೆಯುತ್ತಿದ್ದಾಗಲೇ, 1476ರಲ್ಲಿ, ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಮುದ್ರಣವು ಕಾಗುಣಿತವನ್ನು ಕಟ್ಟಿಹಾಕುತ್ತಾ ಬಂತು, ನಾಲಿಗೆ ಮುಂದೆ ಹೋಯಿತು. ಪ್ರಾಥಮಿಕ ಶಾಲೆಯಲ್ಲಿ ಸ್ಪೆಲ್ಲಿಂಗ್ ತಪ್ಪಿ ಏಟು ತಿಂದ ನಮ್ಮ ಮಕ್ಕಳಿಗೆ ಈ ಕಾರಣವನ್ನು ಯಾರಾದರೂ ಮೊದಲೇ ಹೇಳಬೇಕಾಗಿತ್ತು.

ಇಸವಿಗಳು ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುವವರು ನೋಟುಪುಸ್ತಕದ ಹಾಳೆಯನ್ನು ಎರಡು ಅಂಕಣ ಮಾಡಿಕೊಳ್ಳಿ, ಎಡಕ್ಕೆ ಅಲ್ಲಿನದು, ಬಲಕ್ಕೆ ಇಲ್ಲಿನದು. ಆಂಗ್ಲರು, ಸ್ಯಾಕ್ಸನ್ನರು ಬ್ರಿಟನ್ನಿಗೆ ಬಂದರೆಂದು ಸಂಪ್ರದಾಯ ಹೇಳುವ ವರ್ಷ 449. ಬಲಕ್ಕೆ ಸುಮಾರು 450ರ ಹಲ್ಮಿಡಿ ಶಾಸನ, ಅದೇ ಶತಮಾನದ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ. 871ರಲ್ಲಿ ಪಟ್ಟಕ್ಕೆ ಬಂದ ಆಲ್ಫ್ರೆಡ್ ಲ್ಯಾಟಿನ್ ಗ್ರಂಥಗಳನ್ನು ಜನರ ಮಾತಿಗೆ ತರಿಸಿದ; ಬಲಕ್ಕೆ ಸುಮಾರು 850ರ, ನೃಪತುಂಗನ ಆಸ್ಥಾನದ ಕವಿರಾಜಮಾರ್ಗ. ಇಬ್ಬರು ಅರಸರ ಆಸ್ಥಾನಗಳೂ ದೊಡ್ಡ ಶಾಸ್ತ್ರಭಾಷೆಯೊಂದನ್ನು ಎದುರಿಗಿಟ್ಟುಕೊಂಡು ದೇಶಭಾಷೆಯನ್ನು ಕಟ್ಟುತ್ತಿದ್ದವು. 937ರ ಬ್ರುನನ್‌ಬರ್ ಕದನದ ಮೇಲೆ ಅಲ್ಲಿ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತವೆಂಬ ವರ್ಷವಾರು ದಾಖಲೆಯ ನಡುವೆ ಕವಿತೆ ಬಂತು, ಇಲ್ಲಿ 941ರಲ್ಲಿ ಪಂಪ ಬರೆಯುತ್ತಿದ್ದ.

ಹನ್ನೆರಡನೆಯ ಶತಮಾನಕ್ಕೆ ಬಂದಾಗ ನಾನು ತರಗತಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿ ಆಸ್ಥಾನಕ್ಕೆ ಫ್ರೆಂಚ್, ಚರ್ಚಿಗೆ ಲ್ಯಾಟಿನ್. ಪೀಟರ್ಬರೋ ಮಠದ ಇಂಗ್ಲಿಷ್ ವೃತ್ತಾಂತ 1154ಕ್ಕೆ ನಿಂತುಹೋಗುತ್ತದೆ. ಅದೇ ಕಾಲಕ್ಕೆ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಕನ್ನಡದಲ್ಲಿ ವಚನ ಹೇಳುತ್ತಿದ್ದಾರೆ. ಇಂಗ್ಲಿಷ್ ಹುಟ್ಟಿನಿಂದಲೇ ಆಳುವ ಭಾಷೆಯಾಗಿತ್ತು ಎಂದು ನಂಬಿ ಬಂದ ವಿದ್ಯಾರ್ಥಿಗೆ ಇದು ತಿಳಿಯಲೇಬೇಕು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಕಾಯಿದೆ ಬಂದದ್ದೇ 1362ರಲ್ಲಿ, ಆ ಕಾಯಿದೆಯನ್ನೂ ಫ್ರೆಂಚಿನಲ್ಲಿ ಬರೆದಿದ್ದರು. ಮುಂದೆ 1623ರಲ್ಲಿ ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹ ಅಚ್ಚಾಯಿತು. ಅದೇ ವರ್ಷ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಸಾಗರದ ಪಕ್ಕದ ಇಕ್ಕೇರಿಗೆ ಬಂದು ಕೆಳದಿ ನಾಯಕರ ರಾಜಧಾನಿಯನ್ನು ಕಂಡ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ 1926ರ ಬಿಎಂಶ್ರೀ ಅವರ 'ಇಂಗ್ಲಿಷ್ ಗೀತಗಳು' ಯಾವ ಅಂಕಣಕ್ಕೆ ಎಂದು ಮಕ್ಕಳು ಕೇಳುತ್ತಾರೆ. ಎರಡಕ್ಕೂ ಅಡ್ಡಲಾಗಿ ಬರೆಯಿರಿ.

ಸಾಹಿತ್ಯದ ಭಾಗಕ್ಕೆ ಒಂದು ಕಾಲಘಟ್ಟಕ್ಕೆ ಒಂದೇ ಕೃತಿ ಆರಿಸಿ, ಕೆಲವು ಪುಟಗಳಾದರೂ ಮೂಲದಲ್ಲೇ ಓದಿ. ಹಳೆಯ ಇಂಗ್ಲಿಷಿನ ಬಿಯೊವುಲ್ಫ್ ಮಾತ್ರ ಇದಕ್ಕೆ ಹೊರತು: ಅದು 3182 ಸಾಲಿನ ಕಾವ್ಯ, ಅದರ ಕೊನೆಯ ಅಂತ್ಯಕ್ರಿಯೆಯ ಭಾಗವನ್ನು ಆಧುನಿಕ ಇಂಗ್ಲಿಷ್ ಅನುವಾದದಲ್ಲಿ ಓದಿದರೆ ಸಾಕು. ಮಿಲ್ಟನ್ನನ 1667ರ ಮಹಾಕಾವ್ಯ 'ಪ್ಯಾರಡೈಸ್ ಲಾಸ್ಟ್'ನ ಮೊದಲ ವಾಕ್ಯವೇ ಹದಿನಾರು ಸಾಲು ಹರಿಯುತ್ತದೆ, ಕ್ರಿಯಾಪದಕ್ಕಾಗಿ ಆರನೆಯ ಸಾಲಿನವರೆಗೆ ಕಾಯಬೇಕು. ಕ್ರಿಯಾಪದವನ್ನು ಕೊನೆಗಿಡುವ ನಮಗೆ ಆ ಕಾಯುವಿಕೆ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ 1719ರ ರಾಬಿನ್ಸನ್ ಕ್ರೂಸೋ, 1755ರ ಜಾನ್ಸನ್ನನ ನಿಘಂಟು, 1798ರ ಲಿರಿಕಲ್ ಬ್ಯಾಲಡ್ಸ್ ಎಂಬ ಮೂರು ಗುರುತುಗಳನ್ನು ಹಾಕಿಕೊಂಡು ಮುಂದೆ ಸಾಗಿ.

ಶೇಕ್ಸ್‌ಪಿಯರನಿಗೆ ಮಾತ್ರ ಪುರುಸೊತ್ತು ಕೊಡಿ. ಹ್ಯಾಮ್ಲೆಟ್ಟನ್ನು ಕುವೆಂಪು ಬಿದನೂರಿನ ಇತಿಹಾಸಕ್ಕೆ ತಂದು 'ರಕ್ತಾಕ್ಷಿ' ಮಾಡಿದ್ದಾರೆ. ಎರಡನ್ನೂ ಅಂಕದಿಂದ ಅಂಕಕ್ಕೆ ಒಟ್ಟಿಗೆ ಓದಿ. ಬಿಡುವಿದ್ದಾಗ ಆ ಬಿದನೂರೇ ಆದ, ಹೊಸನಗರ ತಾಲ್ಲೂಕಿನ ಇಂದಿನ ನಗರದ ಕೋಟೆಗೆ ಹೋಗಿ ಬನ್ನಿ. ಹೆಗ್ಗೋಡಿನ ನೀನಾಸಂ ತಿರುಗಾಟದಲ್ಲಿ ಶೇಕ್ಸ್‌ಪಿಯರ್ ನಾಟಕ ಬಂದ ವರ್ಷವಂತೂ ತಪ್ಪಿಸಿಕೊಳ್ಳಲೇಬೇಡಿ. ಕುವೆಂಪು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಪುಟದ ಅಂಚಿನಲ್ಲೇ ಗುರುತು ಮಾಡಿ. ಪರೀಕ್ಷೆಯಲ್ಲಿ ದುರಂತ ನಾಟಕದ ಪ್ರಶ್ನೆ ಬಂದರೆ ಆ ಗುರುತುಗಳಿಂದಲೇ ಉತ್ತರ ಶುರುಮಾಡಿ, ಯುಗದ ಲಕ್ಷಣಗಳನ್ನು ಆಮೇಲೆ ಸೇರಿಸಿ.