ಬೆಂಗಳೂರಿನ ಗಾಳಿಗೆ 760 ಹಾಕಿ ಕೆಟ್ಟೆ

ಎಸ್‌ಟಿಪಿ (ಅನಿಲದ ಗಾತ್ರವನ್ನು ಸೊನ್ನೆ ಡಿಗ್ರಿ ತಾಪ, 760 ಮಿಮೀ ಪಾದರಸದ ಒತ್ತಡ ಎಂಬ ಪ್ರಮಾಣ ಸ್ಥಿತಿಗೆ ತರುವ) ಲೆಕ್ಕ ಬೋರ್ಡ್ ಮೇಲೆ ಮಾಡಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಲ್ಯಾಬಿನಲ್ಲಿ ನಾನೇ ಅನಿಲ ಹಿಡಿದು ಅಳೆಯಲು ಹೋದಾಗ ಎಡವಿದೆ.

ಮೆಗ್ನೀಸಿಯಂ ರಿಬ್ಬನ್ ತುಂಡನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೂಗಿದೆ, 0.040 ಗ್ರಾಂ. ಅದಕ್ಕೆ ತಾಮ್ರದ ತಂತಿ ಸುತ್ತಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನೀರು ತುಂಬಿದ ಅಳತೆ ಕೊಳವೆಯ ಬಾಯಿಗೆ ಸಿಕ್ಕಿಸಿ, ನೀರಿನಲ್ಲಿ ಬೋರಲು ಹಾಕಿದೆ. ಬುಳುಬುಳು ಹೈಡ್ರೋಜನ್ ಗುಳ್ಳೆ ಎದ್ದು ಸ್ವಲ್ಪ ಹೊತ್ತಿಗೆ ರಿಬ್ಬನ್ ಮಾಯ. ಕೊಳವೆ ಬೆಚ್ಚಗಿತ್ತು. ಆರಲು ಬಿಟ್ಟೆ. ಆಮೇಲೆ ಎತ್ತರದ ಜಾಡಿಯಲ್ಲಿ ಇಳಿಸಿ, ಒಳಗಿನ ನೀರು ಹೊರಗಿನ ನೀರಿಗೆ ಸಮ ಬರುವಂತೆ ಹಿಡಿದು ಓದಿದೆ. 46.5 ಮಿಲಿ. ನೀರು 27 ಡಿಗ್ರಿ.

ಇನ್ನು ಒತ್ತಡ. ಫೋನಿನ ಹವಾಮಾನ ಆ್ಯಪ್ 1013 ಹೆಕ್ಟೋಪ್ಯಾಸ್ಕಲ್ ತೋರಿಸಿತು. ಅಂದರೆ 760 ಮಿಮೀ ಪಾದರಸ, ತಿದ್ದುಪಡಿಯೇ ಬೇಡ ಅಂದುಕೊಂಡೆ. ತಾಪ ಮಾತ್ರ ಸರಿಪಡಿಸಿದೆ. ಸೊನ್ನೆ ಡಿಗ್ರಿ ಅಂದರೆ 273 ಕೆಲ್ವಿನ್, 27 ಡಿಗ್ರಿ ಅಂದರೆ 300: 46.5ನ್ನು 273ರಿಂದ ಗುಣಿಸಿ 300ರಿಂದ ಭಾಗಿಸಿದರೆ 42.3 ಮಿಲಿ. (ಇಲ್ಲಿ ಕೆಲ್ವಿನ್ ಮರೆತು ಸೊನ್ನೆ ಡಿಗ್ರಿಯನ್ನೇ ಹಾಕಿ, ಅನಿಲದ ಗಾತ್ರ ಸೊನ್ನೆ ಅಂತ ಬರೆದುಕೊಟ್ಟ ಹುಡುಗರೂ ಇದ್ದಾರೆ.) ಮೆಗ್ನೀಸಿಯಂ 0.001646 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಮಾನ). ಅದರಿಂದ ಅಷ್ಟೇ ಮೋಲ್ ಹೈಡ್ರೋಜನ್. ಹಾಗಾದರೆ ಒಂದು ಮೋಲಿಗೆ 25.7 ಲೀಟರ್! ಪ್ರಮಾಣ ಸ್ಥಿತಿಯಲ್ಲಿ ಒಂದು ಮೋಲ್ ಅನಿಲಕ್ಕೆ ಬರಬೇಕಿದ್ದದ್ದು 22.4.

ತಕ್ಕಡಿಯನ್ನು ಬೈದೆ. ಕೊಳವೆಯೊಳಗೆ ಗಾಳಿ ಸೇರಿತೇನೋ ಅಂತ ಇನ್ನೆರಡು ಸಲ ಮಾಡಿದೆ. ಅದೇ ಕಥೆ.

ಎದುರಿನ ಫಿಸಿಕ್ಸ್ ಲ್ಯಾಬಿನ ಮೇಡಂ ನನ್ನ ಲೆಕ್ಕ ನೋಡಿ ನಕ್ಕರು. "ಸರ್, ಆ್ಯಪ್‌ನಲ್ಲಿ ಬರೋದು ಸಮುದ್ರಮಟ್ಟಕ್ಕೆ ತಿದ್ದಿದ ಒತ್ತಡ. ನಾವಿರೋದು ಒಂಬೈನೂರು ಮೀಟರ್ ಮೇಲೆ ಅಲ್ವಾ?" ಅವರ ಗೋಡೆಯ ಮೇಲಿದ್ದ, ಅಲ್ಲಿನ ಗಾಳಿಯ ಒತ್ತಡವನ್ನೇ ಅಳೆಯುವ ಫೋರ್ಟಿನ್ ಬಾರೋಮೀಟರಿನಲ್ಲಿ ಪಾದರಸ 683 ಮಿಮೀಯಲ್ಲಿ ನಿಂತಿತ್ತು. ಅದನ್ನು ಹಾಕಿದಾಗ 42.3 ಇಳಿದು 38.0 ಮಿಲಿ ಆಯಿತು, ಮೋಲಿಗೆ 23.1 ಲೀಟರ್. ಇನ್ನೂ ಜಾಸ್ತಿಯೇ.

ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಇರುತ್ತದೆ ಅಂತ ಪಾಠ ಮಾಡುವ ನಾನೇ ಅದನ್ನು ಮರೆತಿದ್ದೆ. 27 ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು 27 ಮಿಮೀ. 683ರಲ್ಲಿ ಅದನ್ನು ಕಳೆದರೆ ಒಣ ಹೈಡ್ರೋಜನ್ ಪಾಲಿಗೆ 656. ಗಾತ್ರ 36.5 ಮಿಲಿ, ಮೋಲಿಗೆ 22.2 ಲೀಟರ್.

ಈಗಿನ ಪುಸ್ತಕಗಳಲ್ಲಿ 22.7 ಕಂಡರೆ ಗಾಬರಿ ಬೇಡ. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಪ್ರಮಾಣ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಇಳಿಸಿತು. ನಾನು ಹಳೆಯ 760ರಲ್ಲೇ ಲೆಕ್ಕ ಹಾಕಿದ್ದೇನೆ, ಹಾಗಾಗಿ ಹೋಲಿಸಬೇಕಾದದ್ದು 22.4ರ ಜೊತೆ. ಆ 0.2 ಲೀಟರ್ ಕೊರತೆ ರಿಬ್ಬನ್ ಮೇಲೆ ನಾನು ಪೂರ್ತಿ ಉಜ್ಜದೆ ಬಿಟ್ಟ ಆಕ್ಸೈಡ್ ಪದರದ್ದು ಅಂತ ನನ್ನ ಗುಮಾನಿ.