ಸತ್ತ ಮರಿಯ ಅಂಗಿ

"ಸತ್ತ ಮರಿಯ ಚರ್ಮ ಸುಲಿದು ಬದುಕಿರೋ ಮರಿಗೆ ಹೊದಿಸ್ತಾನಂತೆ, ಅದೂ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು!" ಎರಡು ವರ್ಷದ ಹಿಂದೆ ನಮ್ಮೂರ ಹೋಟೆಲ್ ಮುಂದೆ ನನ್ನ ಬಗ್ಗೆ ಇದೇ ಮಾತು. ಈಗ ಹಾಗಂದವರೇ ಕಂಬಳಿಯಲ್ಲಿ ತಬ್ಬಲಿ ಮರಿ ಸುತ್ಕೊಂಡು ನಮ್ಮ ರೊಪ್ಪಕ್ಕೆ, ಅಂದರೆ ಕುರಿ ಕೂಡೋ ಜಾಗಕ್ಕೆ, ಬರುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ಶಿರಾ ಕಡೆ. ಅರವತ್ತು ಚಿಲ್ಲರೆ ಹೆಣ್ಣು ಕುರಿ. ಮಹಾರಾಷ್ಟ್ರದ ಫಲ್ಟಣದಿಂದ ನಾರಿ ಸುವರ್ಣ ಅನ್ನೋ ಅವಳಿ ಮರಿ ಹಾಕೋ ತಳಿಯ ಟಗರು ತಂದ ಮೇಲೆ ಈ ತಲೆನೋವು ಶುರುವಾದದ್ದು. ಟಗರು ತಂದ ವರ್ಷವೇ ಅವಳಿ ಬರಲ್ಲ. ಅದರ ಹೆಣ್ಣು ಮರಿಗಳು ಬೆಳೆದು ಈಯಲು ಶುರು ಮಾಡಿದಾಗ ಎರಡೆರಡು, ಒಂದೊಂದು ಸಲ ಮೂರು. ಕೆಚ್ಚಲು ಮಾತ್ರ ನಮ್ಮ ನಾಟಿ ಕುರಿಯದ್ದೇ. ಹಾಲು ಒಂದು ಮರಿಗೆ ಸರಿ, ಎರಡಕ್ಕೆ ಎಳೆದಾಟ.

ಉಳಿದ ಮರಿಗೆ ಬಾಟಲಿ ಹಾಲು. ಒಂದು ಮರಿ ಹಾಲು ಬಿಡೋ ಹೊತ್ತಿಗೆ ಹೆಚ್ಚುಕಮ್ಮಿ ಐವತ್ತು ಲೀಟರ್ ಕುಡಿಯುತ್ತದೆ. ಎರಡು ಸಾವಿರ ರೂಪಾಯಿ ಅಲ್ಲೇ ಹೋಯಿತು. ಆಮೇಲೆ ಹೊಟ್ಟೆ ಉಬ್ಬರ, ಭೇದಿ, ಔಷಧಿ. ಮಾರಿದರೆ ನಾಲ್ಕೂವರೆ ಸಾವಿರ ಸಿಕ್ಕರೆ ಹೆಚ್ಚು. ಸತ್ತರೆ, ಕುರಿ ಸತ್ತಾಗ ಸರ್ಕಾರ ದುಡ್ಡು ಕೊಡೋ ಅನುಗ್ರಹ ಯೋಜನೆಯಲ್ಲೂ ಮೂರು ತಿಂಗಳು ತುಂಬದ ಮರಿಗೆ ಪರಿಹಾರ ಇಲ್ಲ. ಮೊದಲ ವರ್ಷ ಬಾಟಲಿಗೆ ಬಿದ್ದ ಒಂಬತ್ತರಲ್ಲಿ ಉಳಿದದ್ದು ನಾಲ್ಕೋ ಐದೋ.

ಆಗ ಮಗಳಿಗೆ ಏಳು ವರ್ಷ. ಬಾಟಲಿ ಹಿಡಿಯೋಳು ಅವಳೇ. ಮರಿ ಸತ್ತರೆ ನಾನು ರಾತ್ರಿಯೇ ಹೊಂಗೆ ಮರದ ಹತ್ತಿರ ಗುಂಡಿ ತೆಗೆದು ಮುಚ್ಚಿ, ಬೆಳಿಗ್ಗೆ "ಮಾವನ ಮನೆಗೆ ಕಳಿಸಿದೆ ಕಣಮ್ಮ" ಅನ್ನುತ್ತಿದ್ದೆ. ಹಬ್ಬಕ್ಕೆ ಹಿರಿಯೂರಿಂದ ಮಾವ ಬಂದಾಗ ಇವಳು ಊಟದ ಎಲೆ ಮುಂದೆ, "ಮಾವ, ನನ್ನ ಐದು ಮರಿ ಹೆಂಗಿದಾವೆ?" ಅಂದಳು. ಅವನು ನನ್ನ ಮುಖ ನೋಡಿದ. ನಾನು ಪಲ್ಯ ನೋಡಿದೆ. ಆಮೇಲೆ ಹದಿನೈದು ದಿನ ಅವಳು ಬಾಟಲಿ ಮುಟ್ಟಲಿಲ್ಲ.

ಮರಿ ಕಳೆದುಕೊಂಡ ಕುರಿಗೆ ತಬ್ಬಲಿ ಮರಿ ಕೂಡಿಸೋ ಯೋಚನೆ ಬಂದದ್ದು ಆಗಲೇ. ಕುರಿಗೆ ಮೂಗೇ ಕಣ್ಣು. ಈದ ಮೊದಲ ಕೆಲವು ಗಂಟೆಯಲ್ಲಿ ಹಿಡಿದ ವಾಸನೆ ಬಿಟ್ಟು ಬೇರೆ ಮರಿ ಬಂದರೆ ಗುದ್ದೇ. ಏನೇನೋ ಮಾಡಿದೆ. ಕುರಿ ಮೂಗಿಗೆ ವಿಕ್ಸ್ ಹಚ್ಚಿದೆ, ಅರ್ಧ ದಿನ ಸೀನಿತು ಅಷ್ಟೆ. ಮರಿ ಮೈಗೆ ಬೆಲ್ಲದ ನೀರು ಸವರಿದೆ, ಇರುವೆ ಮುತ್ತಿದವು. ನಾಯಿ ತಂದು ಹತ್ತಿರ ಕಟ್ಟಿದೆ. ಇದು ಸ್ವಲ್ಪ ಕೆಲಸ ಮಾಡಿತು. ನಾಯಿ ಕಂಡರೆ ಕುರಿ ಕಾಲು ನೆಲಕ್ಕೆ ಬಡಿದು ಮರಿಗೆ ಅಡ್ಡ ನಿಲ್ಲುತ್ತದೆ. ನಾಯಿ ಹೋದ ಮೇಲೆ ಮತ್ತೆ ಗುದ್ದು.

ಕೊನೆಗೆ ಉಳಿದದ್ದು ಸತ್ತ ಮರಿಯ ಚರ್ಮವನ್ನೇ ತಬ್ಬಲಿಗೆ ಅಂಗಿಯ ಹಾಗೆ ತೊಡಿಸೋದು, ಕುರಿಗೆ ತನ್ನ ಮರಿಯದ್ದೇ ವಾಸನೆ ಬರಲಿ ಅಂತ. ಈ ಚರ್ಮದ ಅಂಗಿ ಮೊದಲ ಸಲ ನನ್ನ ದಡ್ಡತನದಿಂದಲೇ ಕೆಟ್ಟಿತು. ಭೇದಿಯಿಂದ ಸತ್ತ ಮರಿಯ ಚರ್ಮ ಹೊದಿಸಿದ್ದೆ. ಮೂರನೇ ದಿನ ತಬ್ಬಲಿಯೂ ಭೇದಿ ಹತ್ತಿ ಹೋಯಿತು. ಎರಡನೇ ಸಲ ಏಪ್ರಿಲ್ ಬಿಸಿಲು. ಒಂದೂವರೆ ದಿನಕ್ಕೆ ಹುಳ ಬಿತ್ತು. ನಮ್ಮವ್ವ ರೊಪ್ಪದ ಬಾಗಿಲಲ್ಲಿ ನಿಂತು, "ಮಗಾ ನೋಡೋ ಕೆಲಸಾನೇನೋ ಇದು?" ಅಂತ ಬೈದಳು.

ಮೂರನೇ ಸಲ ಡಿಸೆಂಬರ್ ಚಳಿ. ರಾತ್ರಿ ಹತ್ತರ ಹೊತ್ತಿಗೆ ಒಂದು ಕುರಿ ಈದು, ಮರಿ ತಲೆ ಸಿಕ್ಕಿಕೊಂಡು ಸತ್ತಿತ್ತು. ರೋಗ ಅಲ್ಲ, ಅದು ಮುಖ್ಯ. ಬೆಳಿಗ್ಗೆ ಹುಟ್ಟಿದ ಅವಳಿಯಲ್ಲಿ ಬಡಕಲು ಒಂದು ಇತ್ತು. ಈ ಸಲ ಸುಳ್ಳು ಬೇಡ ಅಂತ ಮಗಳನ್ನೇ ಎಬ್ಬಿಸಿ ಟಾರ್ಚ್ ಕೊಟ್ಟೆ. ಕುತ್ತಿಗೆ ಸುತ್ತ, ನಾಲ್ಕು ಮೊಣಕಾಲ ಸುತ್ತ ಕೊಯ್ದು ಸ್ವೆಟರ್ ಬಿಚ್ಚೋ ಹಾಗೆ ಎಳೆಯೋದು. ಬಾಲ ಚರ್ಮದಲ್ಲೇ ಇರಲಿ, ಕುರಿ ಮೊದಲು ಮೂಸೋದೇ ಅಲ್ಲಿ. ಟಾರ್ಚ್ ಬೆಳಕು ಅಲ್ಲಾಡುತ್ತಿತ್ತು.

"ಅಪ್ಪ, ಅಂಗಿ ಬಿಚ್ಚಿದ್ರೆ ಅದಕ್ಕೆ ಚಳಿ ಆಗಲ್ವಾ?"

"ಇಲ್ಲ ಕಣಮ್ಮ. ಸತ್ತ ಮೇಲೆ ಚಳಿ ಗೊತ್ತಾಗಲ್ಲ."

"ಸತ್ತಿದೆ ಅಂತ ಹೆಂಗೆ ಗೊತ್ತು?"

ಅವಳ ಬೆರಳು ಹಿಡಿದು ಸತ್ತ ಮರಿಯ ಬಾಯಲ್ಲಿಟ್ಟೆ. ಆಮೇಲೆ ಬಡಕಲು ಮರಿಯ ಬಾಯಲ್ಲಿಟ್ಟೆ. ಅದು ಚೀಪಲು ಶುರು ಮಾಡಿತು. ಅವಳು ಬೆರಳು ತೆಗೆಯಲೇ ಇಲ್ಲ. ಅಂಗಿ ತೊಡಿಸೋದಕ್ಕೆ ನಾನೇ ಬಿಡಿಸಬೇಕಾಯಿತು.

ಕುರಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಬಂದು ಬಾಲ ಮೂಸಿತು. ಆಮೇಲೆ ಗಂಟಲಲ್ಲೇ ಗುರುಗುಟ್ಟಿತಲ್ಲ, ಈದ ಕುರಿ ಮರಿಗೆ ಮಾಡೋ ಆ ಸದ್ದು, ಅದು ಬಂತು. ಮೂರನೇ ದಿನ ಅಂಗಿ ಬಿಚ್ಚಿದೆ. ಅಷ್ಟರಲ್ಲಿ ಆ ಕುರಿಯದ್ದೇ ಹಾಲು ಮರಿಯ ಹೊಟ್ಟೆಯಿಂದ ಇಳಿದು ವಾಸನೆ ಕೂಡಿರುತ್ತದೆ. ಬಿಚ್ಚೋ ಮುಂಚೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನ ಇಲ್ಲಿ ಬರೆಯಲ್ಲ, ರೊಪ್ಪಕ್ಕೆ ಬಂದವರಿಗೆ ತೋರಿಸುತ್ತೇನೆ.

ಅಲ್ಲಿಂದ ಇಲ್ಲಿವರೆಗೆ ಹದಿನಾಲ್ಕು ಸಲ ಮಾಡಿರಬೇಕು, ಹನ್ನೊಂದು ಕೂಡಿದವು. ಬಾಟಲಿ ಖರ್ಚೇ ಇಪ್ಪತ್ತು ಸಾವಿರ ಉಳಿಯಿತು. ತಬ್ಬಲಿ ಮರಿಗೆ ಅಂತ ಗಿಣ್ಣು ಹಾಲು ಕೂಡಿಡೋದು ಮರೆಯಬೇಡಿ. ನಾನು ಫ್ರಿಜ್‌ನ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಇಟ್ಟಿರುತ್ತೇನೆ. ಉಗುರು ಬಿಸಿ ನೀರಲ್ಲಿ ಕರಗಿಸಬೇಕು, ಒಲೆ ಮೇಲಿಟ್ಟರೆ ಒಡೆದು ಹೋಗುತ್ತದೆ.

ಬಾಯಿ ಮುಟ್ಟಿ ನೋಡೋದು ಈಗ ಮಗಳ ಕೆಲಸ. ಹೋದ ಜನವರಿಯಲ್ಲಿ ಒಂದು ಮರಿ ಸೆಟೆದು ಬಿದ್ದಿತ್ತು. ನಾನು ಗುದ್ದಲಿ ತರಲು ಎದ್ದೆ. "ಅಪ್ಪ, ಬಾಯಿ ತಣ್ಣಗಿದೆ, ನಾಲಿಗೆ ಅಲ್ಲಾಡ್ತು" ಅಂದಳು. ಹುಟ್ಟಿ ಏಳೆಂಟು ಗಂಟೆ ಆಗಿತ್ತು. ಅಂಥ ಮರಿಯನ್ನ ಬರಿ ಬಿಸಿ ಮಾಡಿದರೆ ಸೆಳವು ಬಂದು ಸಾಯುತ್ತದೆ, ಹಾಗೆ ಎರಡು ಕಳೆದುಕೊಂಡಿದ್ದೇನೆ. ಮೊದಲು ಡಾಕ್ಟರ್ ಕರೆಸಿ ಗ್ಲೂಕೋಸ್, ಆಮೇಲೆ ಬಕೆಟ್‌ನಲ್ಲಿ ಬಿಸಿ ನೀರು. ಆ ಮರಿ ಈಗ ಹೊಂಗೆ ಮರದ ಕೆಳಗೆ ಜಾಲಿ ಕಾಯಿ ಮೆಲ್ಲುತ್ತಾ ನಿಂತಿದೆ.

ಮಾರೋ ಮರಿಗೆ ಹೆಸರಿಡಬಾರದು ಅಂತ ಒಂದು ಕಾನೂನು ಮಾಡಿದ್ದೆ. ಕಿವಿ ಓಲೆಯ ನಂಬರ್ ಸಾಕು ಅಂದೆ. ಒಂದು ವಾರಕ್ಕೆ ನಲವತ್ತೇಳು ಹೋಗಿ ನಲವತ್ತೇಳಪ್ಪ ಆಯಿತು. ಬಕ್ರೀದ್‌ಗೆ ಅದನ್ನ ಕೊಟ್ಟೆ, ಹದಿನೆಂಟು ಸಾವಿರ ಬಂತು. ಮುಚ್ಚಿಡಲಿಲ್ಲ. ಏನಾಗುತ್ತದೆ ಅಂತ ಹೇಳಿದೆ. ಅತ್ತಳು. ಅತ್ತು, ತಾನೇ ಹಗ್ಗ ಹಿಡಿದು ಗಾಡಿ ತನಕ ಬಂದು, "ನೀರು ಕುಡಿಸಿ ಅಂಕಲ್, ಬೆಳಿಗ್ಗೆಯಿಂದ ಕುಡಿದಿಲ್ಲ" ಅಂದಳು. ಆ ರಾತ್ರಿ ನಮ್ಮನೇಲಿ ಬಾಡೂಟ ಇತ್ತು, ಅವಳು ಬರಿ ಮುದ್ದೆ ಸೊಪ್ಪುಸಾರು ಉಂಡಳು. ಆಮೇಲೆ ಎರಡು ವಾರಕ್ಕೆ ಮತ್ತೆ ತಿಂದಳು. ನಾನು ಏನೂ ಕೇಳಲಿಲ್ಲ.

ಈಗ ಲೆಕ್ಕದ ಪುಸ್ತಕ ಅವಳ ಹತ್ತಿರ. ಮೂರು ಸಾಲು ಗೆರೆ ಎಳೆದಿದ್ದಾಳೆ: ಹುಟ್ಟಿದ್ದು, ಸತ್ತಿದ್ದು, ಕೊಟ್ಟಿದ್ದು. ಮೊನ್ನೆ ಬ್ಯಾಂಕಿಗೆ ಲೆಕ್ಕ ಬೇಕಿತ್ತು. ನನ್ನ ಲೆಕ್ಕದಲ್ಲಿ ಈ ವರ್ಷ ಸತ್ತದ್ದು ಎಂಟು, ಅವಳದ್ದರಲ್ಲಿ ಹತ್ತು. ಜಗಳ ಆಡಿದೆ. ಪುಸ್ತಕ ತಿರುವಿ ತೋರಿಸಿದಳು. ದಿನ ತುಂಬೋ ಮುಂಚೆಯೇ ಕುರಿ ಕಂದು ಹಾಕಿದ್ದವಲ್ಲ, ಆ ಎರಡು ಸತ್ತ ಮರಿಯನ್ನೂ ಬರೆದಿದ್ದಾಳೆ. ಹುಟ್ಟಿದ್ದರಲ್ಲೂ, ಸತ್ತಿದ್ದರಲ್ಲೂ.